ಓಶ್ ಮರಕ್ಕೆ ಹೊಣೆ ನಿಂತವರು

ಹೋಲ್ತುನ್ ಊರಿನ ಯಾವ ಹಿತ್ತಿಲಲ್ಲಿ ಯಾವ ಮರ ಮೊದಲ ಸಲ ಫಲ ಬಿಟ್ಟರೂ ಆ ಚೊಚ್ಚಲು ಹಣ್ಣು ಸಿರಿಲಾಳ ಮನೆಗೆ ಬರುತ್ತಿತ್ತು. ಅವಳು ಕೇಳಿ ಪಡೆದ ಹಕ್ಕಲ್ಲ ಅದು. ಬಾಳೆಲೆಯಲ್ಲಿ ಸುತ್ತಿಯೋ ಸೋರೆಬುರುಡೆಯಲ್ಲಿಟ್ಟೋ ಆ ಮನೆಯವರೇ ತಂದು, ಅವಳ ಅಂಗಳದ ಕಲ್ಲುಗೋಡೆಯ ಮೇಲಿಟ್ಟು, "ಸಿರಿಲಕ್ಕಾ, ನೀನು ಜಾಮೀನು ಕೊಟ್ಟವನು ಬಂದಿದಾನೆ ನೋಡು" ಎಂದು ಕೂಗಿ ಹೋಗುತ್ತಿದ್ದರು.

ಇದರ ಹಿಂದೆ ಊರಿನ ಹಳೆಯ ಪದ್ಧತಿಯೊಂದಿತ್ತು. ಈಸ್ಟರಿಗೆ ಮುಂಚಿನ ಶುಕ್ರವಾರ ಇಗರ್ಜಿಯ ಗಂಟೆ ಮೂಕವಾಗಿರುತ್ತದೆ. ಮರದ ಹಲಗೆ ಬಡಿದು ಜನರನ್ನು ಕರೆಯುತ್ತಾರೆ. ಶನಿವಾರ ಬೆಳಿಗ್ಗೆ ಗಂಟೆ ಮತ್ತೆ ಬಾಯಿ ಬಿಟ್ಟ ಮೇಲೆ, ಕತ್ತಲಾಗುವುದರೊಳಗೆ, ಯಾರ ಹಿತ್ತಿಲಲ್ಲಿ ಕಾಯಿ ಬಿಡದ ಮರ ಇದೆಯೋ ಅವರು ಮಚ್ಚು ಹಿಡಿದು ಅದರ ಬುಡದಲ್ಲಿ ನಿಲ್ಲುತ್ತಾರೆ. ನೀರು ಕುಡಿದೆ, ಬಿಸಿಲು ಕುಡಿದೆ, ಏನು ಕೊಟ್ಟೆ ಎಂದು ಬೈಯುತ್ತಾರೆ. ಮಚ್ಚಿನಿಂದ ಕಾಂಡಕ್ಕೊಂದು ಏಟು ಕೊಟ್ಟು, ಕಡಿದು ಒಲೆಗೆ ಹಾಕುತ್ತೇನೆ ಎನ್ನುತ್ತಾರೆ. ಆಗ ಇನ್ನೊಬ್ಬರು ನಡುವೆ ಬರಬೇಕು. ಬೇಡ, ಕಡಿಯಬೇಡ, ಮುಂದಿನ ವರ್ಷ ಬಿಡುತ್ತದೆ, ನಾನು ಹೊಣೆ ಎನ್ನಬೇಕು. ಹೊಣೆಗೆ ಯಾರೂ ಬಾರದಿದ್ದರೆ ಮರವನ್ನು ಕಡಿಯಲೇಬೇಕು. ಗಂಟೆ ಬಾಯಿ ಬಿಟ್ಟ ದಿನ ಆಡಿದ ಮಾತನ್ನು ಸುಮ್ಮನೆ ಬಿಡುವಂತಿಲ್ಲ.

ಆ ಹೊಣೆಯ ಕೆಲಸ ಸಿರಿಲಾಳ ಪಾಲಿಗೆ ಬಂದು ವರ್ಷಗಳೇ ಕಳೆದಿದ್ದವು. ಅವಳಿಗೆ ಮಕ್ಕಳಾಗಿರಲಿಲ್ಲ. ಅಂಥವಳ ಮಾತು ಮರದ ಮನಸ್ಸಿಗೆ ತಾಗುತ್ತದೆ ಎಂದು ಊರು ನಂಬಿತ್ತು. ಅದನ್ನು ಯಾರೂ ಅವಳ ಮುಖಕ್ಕೆ ಹೇಳಿರಲಿಲ್ಲ. ಅವಳಿಂದ ಮುಚ್ಚಿಟ್ಟೂ ಇರಲಿಲ್ಲ. ಶನಿವಾರ ಬಂತೆಂದರೆ ಅವಳು ಒಗೆದ ಬಿಳಿ ಅಂಗಿ ತೊಟ್ಟು, ಎದೆಯ ಮೇಲಿನ ಕಸೂತಿಯ ಹೂಗಳನ್ನು ಅಂಗೈಯಿಂದ ನೇವರಿಸಿ ಸರಿಪಡಿಸಿಕೊಂಡು, ಮನೆಯಿಂದ ಮನೆಗೆ ನಡೆಯುತ್ತಿದ್ದಳು. ಒಂದು ಕಡೆ ಹುಳಿ ಕಿತ್ತಳೆ, ಇನ್ನೊಂದು ಕಡೆ ಕೆಂಪು ತಿರುಳಿನ ಸಪೋಟ, ಮತ್ತೊಂದು ಕಡೆ ಸೊಕ್ಕಿನ ಸೀತಾಫಲ. ಎಲ್ಲದಕ್ಕೂ ಅದೇ ಮಾತು, ಅದೇ ಮೆಲುದನಿ.

ಬಂದ ಚೊಚ್ಚಲನ್ನು ಅವಳು ಹಾಗೆಯೇ ತಿಂದು ಮುಗಿಸುತ್ತಿರಲಿಲ್ಲ. ಹುಳಿ ಕಿತ್ತಳೆ ಬಂದರೆ ಅದರ ರಸದಲ್ಲಿ ಕುಶುಬ್ ಬೀಜದ ಕೆಂಪು ಮಸಾಲೆಯನ್ನು ಕಲಸಿ ಕೋಳಿಗೆ ಸವರಿ, ಬಾಳೆಲೆಯಲ್ಲಿ ಕಟ್ಟಿ, ಕಾದ ಕಲ್ಲುಗಳ ಗುಂಡಿಯಲ್ಲಿ ಹೂಳುತ್ತಿದ್ದಳು. ಮೇಲೆ ಸೀಬೆಯ ಸೊಪ್ಪು ಹರಡಿ ಮಣ್ಣು ಮುಚ್ಚುತ್ತಿದ್ದಳು. ಎಳೆಯ ಅಮಟೆಕಾಯಿ ಬಂದರೆ ಹುರಿದ ಕುಂಬಳದ ಬೀಜ ಅರೆದು ಕಪ್ಪು ಅವರೆಯ ಜೊತೆ ಬೇಯಿಸುತ್ತಿದ್ದಳು. ಸಪೋಟದ ಉದ್ದನೆಯ ಬೀಜವನ್ನೂ ಎಸೆಯದೆ ಒಣಗಿಸಿ ಎಣ್ಣೆ ತೆಗೆದು ಕೂದಲಿಗೆ ಇಡುತ್ತಿದ್ದಳು. ಮಾಡಿದ ಅಡುಗೆಯಲ್ಲಿ ಒಂದು ಬಟ್ಟಲು ಹಣ್ಣು ಕೊಟ್ಟವರ ಮನೆಗೆ ವಾಪಸು ಹೋಗುತ್ತಿತ್ತು. ಅದನ್ನು ತಿಂದ ಮೇಲೆಯೇ ಆ ಮರ ತಮ್ಮದಾಯಿತು ಎಂದು ಜನರಿಗೆ ಅನಿಸುತ್ತಿತ್ತು.

ಊರಿನಲ್ಲಿ ಅವಳ ಮಾತು ತಾಗದ ಮರ ಒಂದೇ ಒಂದಿತ್ತು. ಅದು ಅವಳದೇ ಅಂಗಳದ ಓಶ್ ಮರ.

ಅದನ್ನು ತವರಿನಿಂದ ತಂದವಳು ಅವಳೇ. ಮಿಡತೆಗಳು ಜೋಳದ ಹೊಲಗಳನ್ನೆಲ್ಲ ಬೋಳಿಸಿ ಹೋದ ವರ್ಷ ಅವಳ ತಾಯಿ ಕಾಡಿನ ಓಶ್ ಬೀಜಗಳನ್ನು ಆಯ್ದು, ಬೂದಿ ನೀರಿನಲ್ಲಿ ಬೇಯಿಸಿ, ಸಿಪ್ಪೆ ಉಜ್ಜಿ ತೆಗೆದು, ಅರೆದು ರೊಟ್ಟಿ ತಟ್ಟಿ ಮಕ್ಕಳನ್ನು ಉಳಿಸಿಕೊಂಡಿದ್ದಳು. ಕಂದು ಹಸಿರಿನ ಆ ರೊಟ್ಟಿಯ ಮಣ್ಣುವಾಸನೆ ಸಿರಿಲಾಳಿಗೆ ತಾಯಿಯ ಸೆರಗಿನ ವಾಸನೆಯಷ್ಟೇ ಹತ್ತಿರದ್ದು. ಮದುವೆಯಾಗಿ ಬರುವಾಗ ಬೆರಳುದ್ದದ ಸಸಿಯೊಂದನ್ನು ಬುರುಡೆಯಲ್ಲಿಟ್ಟು ತಂದಿದ್ದಳು. ಅತ್ತೆ ದೊಮಿಂಗಾ ಅದನ್ನು ನೋಡಿ, ಹುಡುಗಿ ಬಡತನವನ್ನು ಬುರುಡೆಯಲ್ಲಿ ನೆಟ್ಟುಕೊಂಡು ಬಂದಿದ್ದಾಳೆ ಎಂದು ನೆರೆಯವರ ಮುಂದೆ ನಕ್ಕಿದ್ದಳು. ಗಂಡ ನಿಕಾನೋರ್ ಹಾರೆ ತಂದು, ಎಲ್ಲಿ ಕುಕ್ಕಿದರೂ ಬಂಡೆ ಸಿಗುವ ಆ ಅಂಗಳದಲ್ಲಿ ಕೆಮ್ಮಣ್ಣಿರುವ ಜಾಗ ಹುಡುಕಿ ಗುಂಡಿ ತೋಡಿದ್ದ.

ಸಸಿ ಮರವಾಯಿತು. ಮನೆಯ ಹುಲ್ಲುಮಾಡಿಗಿಂತ ಎತ್ತರ ಬೆಳೆದು ಹೂ ಬಿಟ್ಟಿತು. ಕಾಯಿ ಮಾತ್ರ ಬಿಡಲಿಲ್ಲ. ಅಷ್ಟು ಹೊತ್ತಿಗೆ ಸಿರಿಲಾಳ ಮಡಿಲೂ ಖಾಲಿಯೇ ಎಂಬುದು ಊರಿಗೆ ಗೊತ್ತಾಗಿತ್ತು. ಶನಿವಾರದ ಗಂಟೆಗೆ ದೊಮಿಂಗಾ ಮಚ್ಚು ಹಿಡಿದು ಮರದ ಬುಡದಲ್ಲಿ ನಿಲ್ಲುತ್ತಿದ್ದಳು. ಬಾಯಿ ಮರದ ಕಡೆಗೆ; ಕಣ್ಣು ಸೊಸೆಯ ಕಡೆಗೆ. "ತಿಂದು ತಿಂದು ಬೆಳೆದೆ. ಕೊಟ್ಟಿದ್ದೇನು? ಬರೀ ನೆರಳು." ಎದುರಿಗೆ ನಿಂತು ಹೊಣೆಯ ಮಾತಾಡಬೇಕಾದವಳು ಸಿರಿಲಾಳೇ. ಮುಂದಿನ ವರ್ಷ ಬಿಡುತ್ತೆ ಅತ್ತೆ ಎಂದು ಅವಳು ಹೇಳುವಾಗ, ಯಾವುದಕ್ಕೆ ಹೊಣೆ ನಿಲ್ಲುತ್ತಿದ್ದೇನೆ ಎಂಬುದು ಅವಳಿಗೇ ತಿಳಿಯುತ್ತಿರಲಿಲ್ಲ.

ಹಾಗೆ ಕೆಲವು ವರ್ಷ ನಡೆಯಿತು. ಆಮೇಲೆ ಒಂದು ಶನಿವಾರ ನಿಕಾನೋರ್ ಹೊಲದಿಂದ ಬೇಗ ಬಂದು, ತಾಯಿಯ ಕೈಯಿಂದ ಮಚ್ಚು ತೆಗೆದುಕೊಂಡು, ಇನ್ನು ಮೇಲೆ ನಾನೇ ಬೈಯುತ್ತೇನೆ ಎಂದ. ಅಂದಿನಿಂದ ವರ್ಷವೂ ಅವನೇ. ಹೆಚ್ಚು ಮಾತಿಲ್ಲ. ಮಚ್ಚಿನ ಅಗಲದ ಕಡೆಯಿಂದ ಒಂದು ತಟ್ಟು. "ಈ ವರ್ಷವಾದರೂ ಬಿಡು. ಇಲ್ಲದಿದ್ದರೆ ಕಡಿತೀನಿ." ಅಷ್ಟೇ.

ಅತ್ತೆಯ ಮಾತಿಗಿಂತ ಆ ಸಣ್ಣ ಮಾತು ಸಿರಿಲಾಳನ್ನು ಹೆಚ್ಚು ಕೊರೆಯಿತು. ಮಕ್ಕಳಿಲ್ಲದ ಬಗ್ಗೆ ಅವನು ಅವಳಿಗೆ ಯಾವತ್ತೂ ಒಂದು ಮಾತು ಅಂದವನಲ್ಲ. ಅನ್ನದೆ ಇಟ್ಟುಕೊಂಡಿದ್ದನ್ನೆಲ್ಲ ವರ್ಷಕ್ಕೊಮ್ಮೆ ಮರದ ಮುಂದೆ ಇಳಿಸುತ್ತಾನೆ, ಆ ಮಚ್ಚನ್ನು ಅವನೇ ಬಯಸಿ ತೆಗೆದುಕೊಂಡನಲ್ಲ ಎಂದು ಅವಳು ಅಂದುಕೊಂಡಳು. ಕೇಳಿಬಿಡಬಹುದಿತ್ತು. ಕೇಳಿದರೆ ಹೌದು ಎಂದುಬಿಟ್ಟಾನು ಎಂದು ಕೇಳಲಿಲ್ಲ. ಒಲೆಯ ಮೂರು ಕಲ್ಲುಗಳ ನಡುವೆ ಕೆಂಡ ಆರದಂತೆ ನೋಡಿಕೊಂಡಳು. ಅವನು ಹೊಲಕ್ಕೆ ಹೊರಡುವ ಮೊದಲು ರೊಟ್ಟಿ ಬಿಸಿಯಾಗಿರುವಂತೆ ನೋಡಿಕೊಂಡಳು. ಸಂಸಾರ ಒಳ್ಳೆಯದಾಗಿಯೇ ನಡೆಯಿತು.

ಅವಳಲ್ಲಿಯೂ ಒಂದು ಗುಟ್ಟಿತ್ತು. ಓಶ್ ಕಾಡಿನಲ್ಲೇ ಬೆಳೆದವಳಿಗೆ ಗಂಡು ಮರ ಗೊತ್ತಾಗದೆ ಇರುತ್ತದೆಯೇ? ಹೂ ಬಿಟ್ಟ ಮೊದಲ ವರ್ಷವೇ ಅಂಗಳದ ತುಂಬ ಹಳದಿ ಹುಡಿ ಉದುರಿದ್ದನ್ನು ಗುಡಿಸುತ್ತ ಅವಳಿಗೆ ತಿಳಿದುಹೋಗಿತ್ತು. ಅದು ಗಂಡು. ಯಾವ ವರ್ಷವೂ ಬಿಡುವುದಿಲ್ಲ. ಹಾಗೆಂದು ಬಾಯಿ ಬಿಟ್ಟರೆ ಮರ ಹೋಗುತ್ತದೆ; ಮರ ಹೋದರೆ ಆ ಬೈಗುಳ ಬಂದು ಬೀಳಲು ಬೇರೆ ಜಾಗ ಹುಡುಕುತ್ತದೆ. ಅದಕ್ಕೇ ವರ್ಷವೂ ಮುಂದಿನ ವರ್ಷ ಎನ್ನುತ್ತ ಬಂದಳು. ಊರಿನ ಬೇರೆ ಮರಗಳಿಗೆ ನಂಬಿ ಹೇಳುತ್ತಿದ್ದ ಮಾತನ್ನು ತನ್ನ ಮರಕ್ಕೆ ಮಾತ್ರ ಸುಳ್ಳೆಂದು ತಿಳಿದೇ ಹೇಳುತ್ತಿದ್ದಳು.

ಮರವೇನೂ ದಂಡಕ್ಕಿರಲಿಲ್ಲ. ಕಲ್ಲುಗೋಡೆಯ ಆಚೆ ಮನೆಯ ಮೊದೆಸ್ತಾ ಕುದುರೆ ಸಾಕಿದ್ದಳು. ಬೇಸಿಗೆಯಲ್ಲಿ ಹುಲ್ಲೆಲ್ಲ ಸುಟ್ಟು ಹೋದಾಗಲೂ ಓಶ್ ಎಲೆ ಹಸಿರಾಗಿರುತ್ತದೆ. ನಿಕಾನೋರ್ ಮರ ಹತ್ತಿ ಸೊಪ್ಪು ಕಡಿದು ಗೋಡೆಯಾಚೆ ಕುದುರೆಗೆ ಹಾಕುತ್ತಿದ್ದ. ಬದಲಿಗೆ ಮೊದೆಸ್ತಾ ತನ್ನ ಹಿತ್ತಿಲ ಓಶ್ ಮರದ ಬೀಜಗಳನ್ನು ಬುಟ್ಟಿ ತುಂಬ ಕೊಡುತ್ತಿದ್ದಳು. ಅದನ್ನು ಜೋಳದ ಹಿಟ್ಟಿನೊಂದಿಗೆ ಬೆರೆಸಿ ಸಿರಿಲಾ ತಾಯಿಯ ರೊಟ್ಟಿ ತಟ್ಟುತ್ತಿದ್ದಳು. ಆ ಹೊತ್ತಿಗೆ ಊರಿನಲ್ಲಿ ಬೇರೆ ಯಾರೂ ಅದನ್ನು ತಟ್ಟುತ್ತಿರಲಿಲ್ಲ.

ಆ ರೊಟ್ಟಿ ತಿಂದು ಬೆಳೆದವನು ವಿಲ್ಬೆರ್ತ್, ನಿಕಾನೋರನ ತಮ್ಮನ ಮಗ. ತಾಯಿ ತೀರಿಕೊಂಡ ಮೇಲೆ ಈ ಅಂಗಳಕ್ಕೇ ಬಂದು, ಈ ಮರದ ಕೊಂಬೆಗೇ ಹಗ್ಗ ಕಟ್ಟಿ ಜೀಕಿ ದೊಡ್ಡವನಾದವನು. ಈಗ ಕಡಲ ದಂಡೆಯ ಹೋಟೆಲುಗಳಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಹೆಂಡತಿ ಡೆಯ್ಸಿ ಬಸುರಿ. ಮಗು ಹುಟ್ಟುವ ಮೊದಲು ಇದೇ ಅಂಗಳದಲ್ಲಿ ಇಟ್ಟಿಗೆಯ ಕೋಣೆ ಕಟ್ಟಬೇಕೆಂದು ಊರಿಗೆ ಬಂದ. ಬೀದಿಯ ಕಡೆ ಮರ ನಿಂತಿತ್ತು; ಇನ್ನೊಂದು ಕಡೆ ಎದೆಮಟ್ಟದ ಬಂಡೆ. ಅವನು ಎರಡನ್ನೂ ನೋಡಿದ. ನಾಲ್ಕು ಗೋಡೆ ನೇರವಾಗಿ ನಿಲ್ಲಬೇಕಾದರೆ ಎರಡರಲ್ಲೊಂದು ಹೋಗಬೇಕಿತ್ತು. ಮೂರನೆಯ ದಿನ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುತ್ತ ಕೇಳಿದ.

"ದೊಡ್ಡಮ್ಮ, ಆ ಮರ ನಿನಗೆ ಬೇಕೇಬೇಕಾ?"

ಅವಳು ಕಾವಲಿಯ ಮೇಲಿನ ರೊಟ್ಟಿ ಮಗುಚಿದಳು.

"ಗಂಡು ಮರ ಅಂತ ನೋಡಿದರೇ ಗೊತ್ತಾಗುತ್ತೆ. ನನ್ನ ಮಗ ಮುದುಕ ಆದರೂ ಅದು ಬಿಡಲ್ಲ. ನಾನು ಹಾಗೇ ಕಡಿಯೋಲ್ಲ, ಶನಿವಾರ ಪದ್ಧತಿ ಪ್ರಕಾರವೇ ಆಗಲಿ. ದೊಡ್ಡಪ್ಪನ ಕೈ ಆಗಲ್ಲ, ನಾನು ಬೈತೀನಿ." ಚಿಕ್ಕವನಿದ್ದಾಗ ಬೆಲ್ಲ ಕೇಳುತ್ತಿದ್ದ ದನಿಯಲ್ಲಿ ಹೇಳಿದ: "ನೀನು ಮಾತ್ರ ಈ ಸಲ ಸುಮ್ಮನೆ ಇದ್ದುಬಿಡು."

ಹಗ್ಗದ ಜೋಲಿಯಲ್ಲಿ ಒರಗಿದ್ದ ನಿಕಾನೋರ್ ಕೇಳಿಸಿಕೊಂಡ. ಹಿಂದಿನ ಮಳೆಗಾಲದಲ್ಲಿ ಸೊಪ್ಪಿಗೆಂದು ಮರ ಹತ್ತಿ ಬಿದ್ದಾಗಿನಿಂದ ಅವನ ಬಲಗೈ ಮಚ್ಚು ಹಿಡಿಯದಾಗಿತ್ತು. ಸಿರಿಲಾ ಅವನ ಮುಖ ನೋಡಿದಳು. ಅಲ್ಲಿ ಅವಳಿಗೆ ಓದಲು ಏನೂ ಸಿಗಲಿಲ್ಲ.

ಮುಂದಿನ ದಿನಗಳಲ್ಲಿ ಅವಳು ಅಡುಗೆ ಮಾಡುತ್ತ, ಅಂಗಳ ಗುಡಿಸುತ್ತ ಅದನ್ನೇ ತೂಗಿ ನೋಡಿದಳು. ಹುಡುಗ ಕೇಳಿದ್ದು ತಪ್ಪೇನಲ್ಲ. ಹುಟ್ಟುವ ಕೂಸಿಗೆ ಒಂದು ಸೂರು. ತಾನು ಹೆರದಿದ್ದರೂ ಸಾಕಿದವನು ತನ್ನಿಂದ ಕೇಳಿದ್ದಾದರೂ ಏನು, ಬರೀ ಮೌನ. ಹೊಣೆ ನಿಂತರೆ ಮತ್ತೊಂದು ಸಲ ಗೊತ್ತಿದ್ದೂ ಸುಳ್ಳು ಹೇಳಬೇಕು, ಅದೂ ಆ ಕೂಸಿಗೆ ಎದುರಾಗಿ. ನಿಲ್ಲದಿದ್ದರೆ ತಾಯಿಯ ಮನೆಯಿಂದ ಬಂದದ್ದು ಅವಳ ಕಣ್ಣೆದುರೇ ಉರುಳುತ್ತದೆ. ಇವೆರಡಕ್ಕಿಂತ ಕೆಳಗೆ, ಬಾವಿಯ ತಳದ ಕಲ್ಲಿನ ಹಾಗೆ, ಇನ್ನೊಂದು ಕೂತಿತ್ತು. ಮರ ಬಿದ್ದರೆ ಗಂಡ ಇಷ್ಟು ವರ್ಷ ಬೈದದ್ದು ಯಾರನ್ನು ಎಂಬುದು ಇನ್ನೆಂದೂ ತಿಳಿಯುವುದಿಲ್ಲ. ಗಂಡಹೆಂಡಿರ ನಡುವೆ ಮಕ್ಕಳಿಲ್ಲದ ವಿಷಯ ಮಾತಿಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ಆ ಮರದ ಬುಡದಲ್ಲಿ ಮಾತ್ರ.

ಶನಿವಾರ ಬೆಳಿಗ್ಗೆ ಅವಳು ಊರಿನ ಬೇರೆ ಮನೆಗಳಿಗೆ ಹೋಗಲಿಲ್ಲ. ಹೇಳಿ ಕಳಿಸಿದಳು, ಬಿಸಿಲು ಇಳಿಯುವ ಮೊದಲು ಬರುತ್ತೇನೆ, ಅಲ್ಲಿಯವರೆಗೆ ಯಾರೂ ಬೈಯುವುದಕ್ಕೆ ಶುರು ಮಾಡಬೇಡಿ ಎಂದು. ಬಿಳಿ ಅಂಗಿ ತೊಟ್ಟು ಓಶ್ ಮರದ ಬಳಿ ಬಂದು ನಿಂತಳು. ಡೆಯ್ಸಿ ಬಾಗಿಲ ಬಳಿ ಮಣೆ ಹಾಕಿಕೊಂಡು ಕುಳಿತಿದ್ದಳು. ಗೋಡೆಯ ಆಚೆಯಿಂದ ಮೊದೆಸ್ತಾ ಕುದುರೆಯ ಮೈ ತಿಕ್ಕುವ ನೆಪದಲ್ಲಿ ಇಣುಕುತ್ತಿದ್ದಳು. ನಿಕಾನೋರ್ ಜೋಲಿಯಲ್ಲಿದ್ದ.

ಗಂಟೆ ಮೊಳಗಿತು. ವಿಲ್ಬೆರ್ತ್ ಮಚ್ಚು ಎತ್ತಿದ. ಕೊಡಲಿ ಅವನ ಕಾಲ ಬಳಿ ಒರಗಿತ್ತು. ಕೆಟ್ಟ ಮನಸ್ಸಿನಿಂದಲ್ಲ, ಬೈಯುವುದು ಹೇಗೆಂದು ತಿಳಿಯದೆ ಅವನು ಚಿಕ್ಕಂದಿನಲ್ಲಿ ಕೇಳಿದ್ದನ್ನೇ ನೆನಪಿಸಿಕೊಂಡು ದೊಡ್ಡದಾಗಿ ಹೇಳಿದ.

"ತಿಂದು ತಿಂದು ಬೆಳೆದೆ. ಕೊಟ್ಟಿದ್ದೇನು? ಬರೀ ನೆರಳು."

ಮಚ್ಚಿನ ಅಲಗು ಕಾಂಡಕ್ಕೆ ಕಚ್ಚಿತು. ಬಿಳಿಯ ಹಾಲು ಒಸರಿತು.

ಸಿರಿಲಾ ಅಲ್ಲಿಯವರೆಗೂ ಏನನ್ನೂ ತೀರ್ಮಾನಿಸಿರಲಿಲ್ಲ. ಆ ಮಾತು ಕಿವಿಗೆ ಬಿದ್ದದ್ದೇ ತೀರ್ಮಾನಿಸುವವಳೇ ಒಳಗೆ ಇಲ್ಲವಾದಳು. ಅತ್ತೆ ಸತ್ತು ಮಣ್ಣಾದ ಮೇಲೂ ಆ ಮಾತು ಎಲ್ಲೋ ಒಲೆಯ ಬೂದಿಯಲ್ಲಿ ಕೆಂಡವಾಗಿ ಉಳಿದು, ತಾನೇ ಉಣ್ಣಿಸಿದ ಬಾಯಿಂದ ಹೊರಗೆ ಬಂದಿತ್ತು. ಹೊಣೆಯ ಮಾತು ಗಂಟಲಿಗೇ ಬರಲಿಲ್ಲ. ಗಂಟೆ ನಿಂತಿತು. ವಿಲ್ಬೆರ್ತ್ ಅವಳನ್ನು ನೋಡಿದ, ಸ್ವಲ್ಪ ಹೊತ್ತು ಕಾದ, ಬಗ್ಗಿ ಕೊಡಲಿ ಎತ್ತಿಕೊಂಡ.

ಜೋಲಿಯ ಹಗ್ಗ ಕಿರುಗುಟ್ಟಿತು. ನಿಕಾನೋರ್ ಎದ್ದು ನಿಧಾನ ನಡೆದು ಬಂದ. ಮರಕ್ಕೂ ಕೊಡಲಿಗೂ ನಡುವೆ ನಿಂತು, ಎಡಗೈಯನ್ನು ಕಾಂಡದ ಹೊಸ ಗಾಯದ ಮೇಲಿಟ್ಟ.

"ಆ ಮಾತು ಎಲ್ಲಿ ಕಲಿತೆ?"

ವಿಲ್ಬೆರ್ತ್ ತಬ್ಬಿಬ್ಬಾದ. ಎಲೆ ಗುಡಿಸುವಾಗ ಅಜ್ಜಿ ಗೊಣಗುತ್ತಿದ್ದುದನ್ನು ಕೇಳಿದ್ದೆ ಎಂದ.

"ಗೊಣಗಲಿ ಬಿಡು, ಗೊಣಗುವವರ ಬಾಯಿ ಮುಚ್ಚೋಕಾಗಲ್ಲ. ಗಂಟೆ ಹೊತ್ತಲ್ಲಿ ಆ ಮಾತು ಈ ಅಂಗಳದಲ್ಲಿ ಬರಬಾರದು ಅಂತಲೇ ನಾನು ಅಮ್ಮನ ಕೈಯಿಂದ ಮಚ್ಚು ತಗೊಂಡಿದ್ದು." ಅವನು ಯಾರನ್ನೂ ನೋಡದೆ, ಮರಕ್ಕೆ ಹೇಳುವವನಂತೆ ಹೇಳಿದ. "ಯಾರಾದರೊಬ್ಬರು ಬೈಯಲೇಬೇಕಲ್ಲ. ನಾನಾದರೆ ಮೆತ್ತಗೆ ಬೈಬಹುದು ಅಂತ."

ಸಿರಿಲಾಳ ಕೈ ತಾನಾಗಿ ಎದೆಯ ಕಸೂತಿಯ ಮೇಲೆ ಹೋಯಿತು. ಎಷ್ಟೋ ಶನಿವಾರಗಳು ಒಂದೊಂದಾಗಿ ಹಿಂದಕ್ಕೆ ತಿರುಗಿ ಅವಳ ಕಡೆ ಮುಖ ಮಾಡಿದವು. ಅಗಲದ ಕಡೆಯಿಂದ ಒಂದು ತಟ್ಟು. ಸಿಪ್ಪೆಗೂ ನೋವಾಗದಂಥ ತಟ್ಟು. ಅದನ್ನು ಅವಳು ಕಣ್ಣಾರೆ ನೋಡಿದ್ದಳು. ಕಂಡಿರಲಿಲ್ಲ, ಅಷ್ಟೇ.

"ಹೊಣೆ ನಾನು ನಿಲ್ತೀನಿ," ಎಂದ ನಿಕಾನೋರ್.

ವಿಲ್ಬೆರ್ತ್ ಕೊಡಲಿ ಇಳಿಸಿದ. ಆದರೂ ಅವನು ಗಾರೆಯವನು, ಲೆಕ್ಕ ಬಿಡುವವನಲ್ಲ. "ಮುಂದಿನ ವರ್ಷ ಬಿಡುತ್ತೆ ಅಂತೀರಾ ದೊಡ್ಡಪ್ಪ?"

"ಬಿಡಲ್ಲ. ಗಂಡು ಮರ ಅದು. ಬಿಡದಿದ್ದರೂ ನಿಲ್ಲಲಿ."

ಹಾಗೆ ಹೊಣೆ ನಿಂತವರು ಆ ಊರಿನಲ್ಲಿ ಅವತ್ತಿನವರೆಗೆ ಯಾರೂ ಇರಲಿಲ್ಲ. ಪದ್ಧತಿಯಲ್ಲಿ ಇದಕ್ಕೆ ಜಾಗ ಇದೆಯೋ ಇಲ್ಲವೋ ಎಂದು ಯಾರಿಗೂ ತೋಚಲಿಲ್ಲ. ಸಿರಿಲಾ ಕೇಳಿದಳು: "ನಿನಗೆ ಗೊತ್ತಿತ್ತಾ?"

"ಮೊದಲ ಹೂವಿಗೇ. ನಿನಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ. ವರ್ಷ ವರ್ಷ ಅಷ್ಟು ನಂಬಿ ಹೇಳ್ತಿದ್ದೆಯಲ್ಲ, ಮುಂದಿನ ವರ್ಷ ಅಂತ. ಅದನ್ನ ಕೆಡಿಸೋಕೆ ಮನಸ್ಸಾಗಲಿಲ್ಲ."

"ನನಗೂ ಗೊತ್ತಿತ್ತು."

ಗೋಡೆಯ ಆಚೆಗಿದ್ದ ಮೊದೆಸ್ತಾಳಿಗೆ ತಡೆಯಲಾಗಲಿಲ್ಲ.

"ಊರಿಗೆಲ್ಲ ಗೊತ್ತಿತ್ತು ಮಾರಾಯರೇ. ನನ್ನ ಮರ ಇಷ್ಟು ವರ್ಷ ಯಾರಿಂದ ಬಸುರಾಗ್ತಿತ್ತು ಅಂದ್ಕೊಂಡಿದ್ರಿ? ಹತ್ತಿರದಲ್ಲಿ ಇನ್ನೊಬ್ಬ ಗಂಡಸು ಎಲ್ಲಿದಾನೆ?"

ಮೊದಲು ನಕ್ಕವಳು ಡೆಯ್ಸಿ. ಹೊಟ್ಟೆ ಹಿಡಿದುಕೊಂಡು ನಕ್ಕಳು. ವಿಲ್ಬೆರ್ತ್ ಮುಖ ಕೆಂಪಗೆ ಮಾಡಿಕೊಂಡು ಮಚ್ಚು ಒರೆಸಿದ. ಆಮೇಲೆ ದೊಡ್ಡಮ್ಮನ ಬಳಿ ಬಂದು, ಆ ಮಾತಿನ ಹಿಂದೆ ಏನಿದೆ ಅಂತ ನನಗೆ ತಿಳಿದಿರಲಿಲ್ಲ, ತಿಳಿದಿದ್ದರೆ ಬಾಯಿಗೆ ತರುತ್ತಿರಲಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಅವಳು ಅವನ ತಲೆಯ ಮೇಲಿದ್ದ ಓಶ್ ಎಲೆಯೊಂದನ್ನು ತೆಗೆದು ಹಾಕಿದಳು. ಬಿಸಿಲು ಇಳಿಯುವ ಮೊದಲು ಊರಿನ ಉಳಿದ ಮರಗಳ ಕಡೆಗೆ ಹೊರಟಳು.

ಕೋಣೆ ಎದ್ದಿತು. ಮರದ ಬುಡ ಬರುವ ಕಡೆ ವಿಲ್ಬೆರ್ತ್ ಗೋಡೆಯನ್ನು ಓರೆಯಾಗಿ ಎಳೆದುದರಿಂದ ಅದಕ್ಕೆ ಐದು ಮೂಲೆಗಳಾದವು. ಹೋಟೆಲಿನಲ್ಲಿ ಇಂಥ ಗೋಡೆ ಕಟ್ಟಿದ್ದರೆ ನನ್ನನ್ನು ಓಡಿಸುತ್ತಿದ್ದರು ಎಂದು ಅವನೇ ಹೇಳಿಕೊಂಡು ಓಡಾಡಿದ. ಐದನೆಯ ಮೂಲೆಯಲ್ಲಿ ಮಧ್ಯಾಹ್ನವೂ ತಂಪು. ಕೂಸಿನ ಜೋಲಿಯನ್ನು ಡೆಯ್ಸಿ ಅಲ್ಲೇ ಕಟ್ಟಿದಳು.

ಮೊದಲ ಮಳೆಗೆ ಮುಂಚೆ ಮೊದೆಸ್ತಾ ಎಂದಿನಂತೆ ಓಶ್ ಬೀಜದ ಬುಟ್ಟಿಯನ್ನು ಗೋಡೆಯ ಮೇಲಿಟ್ಟಳು. ಸಿರಿಲಾ ಬೀಜಗಳನ್ನು ಬೂದಿ ನೀರಿನಲ್ಲಿ ಬೇಯಿಸಿದಳು, ಸಿಪ್ಪೆ ಉಜ್ಜಿದಳು, ಕಲ್ಲಿನ ಮೇಲೆ ಅರೆದು ಹಿಟ್ಟಿಗೆ ಸೇರಿಸಿದಳು. ಕಾವಲಿಯಿಂದ ಎದ್ದ ಮೊದಲ ರೊಟ್ಟಿಯನ್ನು ಒಲೆಯ ಪಕ್ಕದ ಮಣೆಯ ಮೇಲೆ ಕುಳಿತಿದ್ದ ನಿಕಾನೋರನ ಮುಂದೆ ಇಟ್ಟಳು.

"ತಗೋ. ಹೊಣೆ ನಿಂತವರಿಗೆ ಚೊಚ್ಚಲು."

ಅವನು ಎಡಗೈಯಲ್ಲಿ ಎತ್ತಿ ಮೂಸಿ ನೋಡಿದ. "ಇದು ಮೊದೆಸ್ತಾಳ ಮರದ್ದಲ್ವಾ?"

"ಅರ್ಧ," ಎಂದು ಸಿರಿಲಾ ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.